ವಿಲ್ಫ್ರೆಡ್ ಎಂಬ ಹೆಸರಿಗೆ ಒಂದು ಕಟ್ಟು: ಮಂಗಳೂರಿನ ಹೆಸರುಫಲಕದ ಸೇವೆಯ ವಿಮರ್ಶೆ

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿಯೊಂದು ಈಗ ಹೆಸರಿನ ಫಲಕಗಳನ್ನೂ ಮಾಡಿಕೊಡುತ್ತಿದೆ. ಇದು ಬಾಗಿಲಿಗೆ ಹಾಕುವ ನೇಮ್‌ಪ್ಲೇಟ್ ಅಲ್ಲ. ನಾವು ಹೇಳಿದ ಹೆಸರನ್ನು ದೊಡ್ಡ ಅಲಂಕಾರದ ಅಕ್ಷರಗಳಲ್ಲಿ ಬರೆದು, ಅದರ ಕೆಳಗೆ ಆ ಹೆಸರಿನ ಅರ್ಥವನ್ನೂ ಇತಿಹಾಸವನ್ನೂ ಒಂದು ಪುಟದಷ್ಟು ಮುದ್ರಿಸಿ, ಸಾಗುವಾನಿಯ ಕಟ್ಟು ಹಾಕಿ ಕೊಡುವ ಸೇವೆ ಇದು. ಜ್ಞಾನಸ್ನಾನ, ಮದುವೆಯ ರಜತೋತ್ಸವ, ನಿವೃತ್ತಿ, ಹಿರಿಯರ ಹುಟ್ಟುಹಬ್ಬ ಮುಂತಾದ ಸಂದರ್ಭಗಳಿಗೆ ಉಡುಗೊರೆಯಾಗಿ ಇದನ್ನು ಮಾಡಿಸುತ್ತಾರೆ. ಇದೇ ಬಗೆಯ ಕೆಲಸವನ್ನು ಬೇರೆಯವರೂ ಮಾಡುವುದರಿಂದ ಮತ್ತು ನಾನು ಕಂಡ ಗುಣದೋಷಗಳು ಈ ಒಂದು ಅಂಗಡಿಗೆ ಮಾತ್ರ ಸೀಮಿತವಲ್ಲವೆಂದು ತೋರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನಾವು ಮಾಡಿಸಿದ್ದು ವಿಲ್ಫ್ರೆಡ್ ಮಾಸ್ಟ್ರಿಗಾಗಿ. ಪ್ರೌಢಶಾಲೆಯಲ್ಲಿ ನಮಗೆ ಇತಿಹಾಸವನ್ನು ಕಲಿಸಿದ ಅವರಿಗೆ ಎಂಬತ್ತು ತುಂಬುವ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಏನಾದರೂ ಕೊಡಬೇಕೆಂದು ಯೋಚಿಸಿದಾಗ, ಶಾಲು ಮತ್ತು ಹಣ್ಣಿನ ಬುಟ್ಟಿಗಿಂತ ಇದು ಅವರಿಗೆ ಒಪ್ಪುತ್ತದೆ ಎಂದು ಎಲ್ಲರಿಗೂ ಅನಿಸಿತು. ಇಸವಿಯೊಂದು ತಪ್ಪಿದರೆ ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆಯುತ್ತಿದ್ದವರಿಗೆ ಕೊಡುವ ಫಲಕದಲ್ಲಿ ಇತಿಹಾಸವೇ ತಪ್ಪಾಗಿದ್ದರೆ ಅದು ಉಡುಗೊರೆ ಎನಿಸಿಕೊಳ್ಳುವುದಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಕಟ್ಟಿನ ಕುರಿತು ಹೇಳುವುದಕ್ಕಿಂತ ಕಟ್ಟಿನೊಳಗಿನ ಬರಹದ ಕುರಿತು ಹೇಳುವುದು ಹೆಚ್ಚಿದೆ.

ಮೊದಲು ಕೈಕೆಲಸದ ಮಾತು. ಇದರಲ್ಲಿ ಅಂಗಡಿಯವರನ್ನು ಮನಸಾರೆ ಮೆಚ್ಚಬೇಕು. ಮೂಲೆಗಳ ಕೂಡುವಿಕೆ ಬಿಗಿಯಾಗಿದೆ, ಬೆರಳಾಡಿಸಿದರೆ ಏರುತಗ್ಗು ಸಿಗುವುದಿಲ್ಲ. ಕಾಗದ ಗಾಜಿಗೆ ತಾಗದಂತೆ ನಡುವೆ ದಪ್ಪನೆಯ ಮೌಂಟ್ ಬೋರ್ಡ್ ಇಟ್ಟಿದ್ದಾರೆ. ಕರಾವಳಿಯಲ್ಲಿ ಇದು ಅಲಂಕಾರಕ್ಕಿಂತ ಮಿಗಿಲಾದ ವಿಷಯ, ಏಕೆಂದರೆ ಗಾಜಿಗೆ ಅಂಟಿಕೊಂಡ ಕಾಗದ ಆಟಿ ತಿಂಗಳ ತೇವಕ್ಕೆ ಬೂಷ್ಟು ಹಿಡಿದು, ಆಮೇಲೆ ಬಿಡಿಸಲು ಹೋದರೆ ಅಕ್ಷರಗಳ ಸಮೇತ ಕಿತ್ತು ಬರುತ್ತದೆ. ಹಿಂಬದಿಗೆ ಹಾಕಿರುವ ಹಲಗೆ ಮಾತ್ರ ನನಗೆ ಸಮಾಧಾನ ಕೊಡಲಿಲ್ಲ. ಅದು ಒತ್ತಿದ ಮರದ ಹುಡಿಯ ಹಲಗೆ, ನೀರಿನ ಪಸೆ ತಾಗಿದರೆ ಉಬ್ಬುತ್ತದೆ. ಕೇಳಿದರೆ ಸ್ವಲ್ಪ ಹೆಚ್ಚಿನ ದರಕ್ಕೆ ಪ್ಲೈವುಡ್ ಹಾಕಿಕೊಡುತ್ತಾರೆ, ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಕನ್ನಡದ ಅಕ್ಷರಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ‘ವಿಲ್ಫ್ರೆಡ್’ ಎಂದು ಬರೆಯುವಾಗ ಲಕಾರಕ್ಕೆ ಫಕಾರದ ಒತ್ತು, ಅದರ ಪಕ್ಕದಲ್ಲಿ ರಕಾರದ ಒತ್ತು, ಮೇಲೆ ಎತ್ವ ಎಲ್ಲವೂ ಒಂದೇ ಕಡೆ ಸೇರುತ್ತವೆ. ಕಂಪ್ಯೂಟರಿನ ಅಗ್ಗದ ಫಾಂಟುಗಳಲ್ಲಿ ಈ ಎರಡು ಒತ್ತುಗಳು ಒಂದರ ಮೇಲೊಂದು ಬಿದ್ದು ಓದಲಾಗದ ಗಂಟಾಗುವುದನ್ನು ಆಮಂತ್ರಣ ಪತ್ರಿಕೆಗಳಲ್ಲಿ ನಾವು ನೋಡುತ್ತಲೇ ಇರುತ್ತೇವೆ. ಇಲ್ಲಿ ಅಕ್ಷರ ಬರೆಯುವವರು ಫಕಾರದ ಒತ್ತನ್ನು ತುಸು ಎಡಕ್ಕೆ ಸರಿಸಿ, ರಕಾರದ ಒತ್ತಿನ ಬಾಲವನ್ನು ಉದ್ದವಾಗಿ ಬಳುಕಿಸಿ ಡಕಾರದ ಅಡಿಯವರೆಗೆ ಒಯ್ದಿದ್ದಾರೆ. ಎರಡೂ ಸ್ಪಷ್ಟವಾಗಿವೆ, ಚೆಂದವೂ ಇದೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಓದಿ ಬರೆದು ರೂಢಿಯಿರುವ ಮನೆಗಳಿಗೆ ಹೋಗುವ ಫಲಕದಲ್ಲಿ ಈ ಶ್ರದ್ಧೆ ಸಾರ್ಥಕ.

ಇಂಗ್ಲಿಷ್ ಭಾಗದ ಅಕ್ಷರಗಳು ಹೀಗಿರಲಿಲ್ಲ. ‘ಓಲ್ಡ್ ಇಂಗ್ಲಿಷ್’ ಎಂಬ ಹೆಸರಿನಲ್ಲಿ ಕಂಪ್ಯೂಟರುಗಳಲ್ಲಿ ಸಿಗುವ ದಪ್ಪ ಕೋನಾಕೃತಿಯ ಫಾಂಟನ್ನು ಬಳಸಿದ್ದರು. ಹೆಸರು ಹಾಗಿದ್ದರೂ ಆ ಬರಹಕ್ಕೂ ಹಳೆಯ ಇಂಗ್ಲಿಷ್ ಭಾಷೆಯ ಕಾಲಕ್ಕೂ ಸಂಬಂಧವಿಲ್ಲ. ಅದು ಯುರೋಪಿನಲ್ಲಿ 12ನೇ ಶತಮಾನದಲ್ಲಿ ರೂಪುಗೊಂಡ ಗೋಥಿಕ್ ಶೈಲಿಯಿಂದ ಬಂದದ್ದು. ವಿಲ್ಫ್ರೆಡ್ ಎಂಬ ಹೆಸರು ಅದಕ್ಕಿಂತ ಐದು ಶತಮಾನ ಹಿರಿದು. ಆ ಕಾಲದ ಉತ್ತರ ಇಂಗ್ಲೆಂಡಿನ ಮಠಗಳಲ್ಲಿ ಬಳಕೆಯಲ್ಲಿದ್ದದ್ದು ಐರಿಷ್ ಸನ್ಯಾಸಿಗಳಿಂದ ಕಲಿತ, ದುಂಡಗಿನ, ಬಿಡಿಬಿಡಿಯಾದ ಅಕ್ಷರಗಳ ಬರಹ. ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿಯಲ್ಲಿ ಅದರ ಸೊಗಸನ್ನು ಇಂದಿಗೂ ಕಾಣಬಹುದು.

ಈಗ ಬರಹಕ್ಕೆ ಬರುತ್ತೇನೆ. ನಮಗೆ ಮೊದಲು ತೋರಿಸಿದ ಕರಡಿನಲ್ಲಿ ಇದ್ದದ್ದು ಇಷ್ಟು: ವಿಲ್ಫ್ರೆಡ್ ಎಂಬುದು ಜರ್ಮನಿ ದೇಶದ ಹೆಸರು, ಇದರ ಅರ್ಥ ‘ಶಾಂತಿಯನ್ನು ಬಯಸುವವನು’, ಈ ಹೆಸರಿನವರು ದೃಢ ಮನಸ್ಸಿನವರೂ ಉದಾರಿಗಳೂ ಆಗಿರುತ್ತಾರೆ, ಇವರ ಅದೃಷ್ಟ ಸಂಖ್ಯೆ ಇಂಥದ್ದು, ರತ್ನ ಇಂಥದ್ದು. ಪಕ್ಕದಲ್ಲಿ ಸಿಂಹವಿದ್ದ ಒಂದು ಗುರಾಣಿಯ ಚಿತ್ರ, ಅದರ ಅಡಿಯಲ್ಲಿ ‘ವಿಲ್ಫ್ರೆಡ್ ವಂಶದ ಲಾಂಛನ’ ಎಂಬ ಶೀರ್ಷಿಕೆ. ಇತಿಹಾಸವೆಂದು ಕರೆಯಬಹುದಾದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಗುರಾಣಿಯ ಲಾಂಛನಗಳು ಯುರೋಪಿನಲ್ಲಿ ಆರಂಭವಾದದ್ದೇ 12ನೇ ಶತಮಾನದಲ್ಲಿ, ಅವು ಸೇರಿದ್ದು ನಿರ್ದಿಷ್ಟ ವ್ಯಕ್ತಿಗಳಿಗೆ ಮತ್ತು ಅವರ ಸಂತತಿಗೆ. ಮಗುವಿಗೆ ಇಡುವ ಹೆಸರಿಗೆ ವಂಶವೂ ಇಲ್ಲ, ಲಾಂಛನವೂ ಇಲ್ಲ. ಅದೃಷ್ಟ ಸಂಖ್ಯೆ, ರತ್ನಗಳ ವಿಷಯಕ್ಕೂ ಹೆಸರಿನ ಇತಿಹಾಸಕ್ಕೂ ಯಾವ ನಂಟೂ ಇಲ್ಲ.

ವಾಸ್ತವದಲ್ಲಿ ಈ ಹೆಸರು ಹಳೆಯ ಇಂಗ್ಲಿಷಿನದು. ಇಂಗ್ಲಿಷ್ ಮತ್ತು ಜರ್ಮನ್ ಎರಡೂ ಜರ್ಮಾನಿಕ್ ಎಂಬ ಒಂದೇ ಭಾಷಾಕುಟುಂಬಕ್ಕೆ ಸೇರಿದವು. ಆ ಕುಟುಂಬದ ಹೆಸರನ್ನೇ ದೇಶದ ಹೆಸರೆಂದು ತಿಳಿದದ್ದರಿಂದ ಕರಡಿನಲ್ಲಿ ‘ಜರ್ಮನಿ’ ಬಂದಿರಬೇಕು. ಹೆಸರಿನ ಮೊದಲ ಭಾಗ ‘ವಿಲ್’ ಎಂದರೆ ಇಚ್ಛೆ, ಸಂಕಲ್ಪ. ಎರಡನೆಯ ಭಾಗ ‘ಫ್ರಿತ್’ ಎಂದರೆ ಶಾಂತಿ, ಜೊತೆಗೆ ರಕ್ಷಣೆ, ಅಭಯ. ಈ ಎರಡನೆಯ ಛಾಯೆ ಮುಖ್ಯವಾದದ್ದು. ಉತ್ತರ ಇಂಗ್ಲೆಂಡಿನ ಹೆಕ್ಸಮ್ ಎಂಬ ಊರಿನ ಚರ್ಚಿನಲ್ಲಿ ‘ಫ್ರಿತ್ ಸ್ಟೂಲ್’ ಎಂದು ಕರೆಯುವ ಕಲ್ಲಿನ ಪೀಠವೊಂದು ಇಂದಿಗೂ ಇದೆ. ಒಂದೇ ಕಲ್ಲಿನಲ್ಲಿ ಕಡೆದ, ಬೆನ್ನು ದುಂಡಗಿರುವ ಆ ಪೀಠ 7ನೇ ಶತಮಾನದ್ದೆಂದು ಹೇಳುತ್ತಾರೆ. ಮಧ್ಯಯುಗದಲ್ಲಿ ತಪ್ಪಿಸಿಕೊಂಡು ಬಂದವರಿಗೆ ಅಲ್ಲಿ ಆಶ್ರಯವಿತ್ತು. ಆ ಪೀಠದ ಹೆಸರಿನಲ್ಲಿರುವ ‘ಫ್ರಿತ್’ ಮತ್ತು ನಮ್ಮ ಮಾಸ್ಟ್ರ ಹೆಸರಿನಲ್ಲಿರುವ ‘ಫ್ರೆಡ್’ ಒಂದೇ ಶಬ್ದ.

‘ಶಾಂತಿಯನ್ನು ಬಯಸುವವನು’ ಎಂದು ಎರಡನ್ನೂ ಕೂಡಿಸಿ ವಾಕ್ಯ ಮಾಡುವುದು ಸುಲಭ, ಆದರೆ ಆ ಕಾಲದವರು ಹೆಸರಿಡುತ್ತಿದ್ದ ಕ್ರಮವೇ ಬೇರೆ. ಮನೆತನದಲ್ಲಿ ಬಳಕೆಯಲ್ಲಿರುವ ಶಬ್ದಗಳಲ್ಲಿ ಒಂದನ್ನು ಮೊದಲಿಗೂ ಇನ್ನೊಂದನ್ನು ಕೊನೆಗೂ ಇಟ್ಟು ಹೊಸ ಹೆಸರನ್ನು ಜೋಡಿಸುತ್ತಿದ್ದರು. 1095ರಲ್ಲಿ ತೀರಿಕೊಂಡ ಬಿಷಪ್ ಸಂತ ವುಲ್ಫ್‌ಸ್ಟನ್ ಇದಕ್ಕೆ ತಿಳಿಯಾದ ಉದಾಹರಣೆ. ತಾಯಿ ವುಲ್ಫ್‌ಗಿಫು ಅವರ ಹೆಸರಿನ ಮೊದಲ ಅರ್ಧ, ತಂದೆ ಎಥೆಲ್‌ಸ್ಟನ್ ಅವರ ಹೆಸರಿನ ಕೊನೆಯ ಅರ್ಧ ಸೇರಿ ಮಗನ ಹೆಸರಾಯಿತು. ಅದನ್ನು ಬಿಡಿಸಿದರೆ ‘ತೋಳ’ ಮತ್ತು ‘ಕಲ್ಲು’ ಸಿಗುತ್ತವೆ. ತಂದೆತಾಯಿಯರು ಕೊಟ್ಟದ್ದು ಆ ಅರ್ಥವನ್ನಲ್ಲ, ತಮ್ಮಿಬ್ಬರ ಹೆಸರಿನ ಪಾಲನ್ನು. ಹಾಗಾಗಿ ಫಲಕದಲ್ಲಿ ‘ಇಚ್ಛೆ’ ಮತ್ತು ‘ಶಾಂತಿ’ ಎಂದು ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಕೊಡುವುದೇ ಸರಿ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬಹುದು. ಆಲ್ಫ್ರೆಡ್, ವಿಲ್ಫ್ರೆಡ್, ಮಿಲ್‌ಡ್ರೆಡ್, ವಿನಿಫ್ರೆಡ್ ಇವೆಲ್ಲ ಮಂಗಳೂರಿನಲ್ಲಿ ಕೇಳಿ ಬರುವ ಹೆಸರುಗಳೇ, ಕಿವಿಗೆ ಒಂದೇ ಬಳ್ಳಿಯವೆನಿಸುತ್ತವೆ. ಅಂಗಡಿಯ ಮಾದರಿಗಳಲ್ಲಿ ಇವೆಲ್ಲಕ್ಕೂ ‘ಶಾಂತಿ’ ಎಂಬ ಅರ್ಥವನ್ನೇ ಹಂಚಿದ್ದರು. ಆಲ್ಫ್ರೆಡ್ ಎಂಬುದರಲ್ಲಿ ಇರುವುದು ಯಕ್ಷರಂತಹ ಒಂದು ಜಾತಿಯನ್ನು ಹೇಳುವ ಶಬ್ದ ಮತ್ತು ‘ಸಲಹೆ’ ಎಂಬರ್ಥದ ‘ರೆಡ್’. ಮಿಲ್‌ಡ್ರೆಡ್‌ನ ಕೊನೆಯಲ್ಲಿರುವುದು ‘ಬಲ’. ವಿನಿಫ್ರೆಡ್ ವೇಲ್ಸ್ ನಾಡಿನ ಸಂತಳೊಬ್ಬಳ ಹೆಸರು, ಅದು ಇಂಗ್ಲಿಷರ ಬಾಯಲ್ಲಿ ಈ ರೂಪ ತಾಳಿತು. ನಾಲ್ಕರಲ್ಲಿ ‘ಫ್ರಿತ್’ ಮೂಲದಿಂದಲೇ ಇರುವುದು ವಿಲ್ಫ್ರೆಡ್ ಒಂದರಲ್ಲಿ ಮಾತ್ರ.

ಈ ಹೆಸರಿಗೆ ಬಾಳಿಕೆ ಬಂದದ್ದು ಒಬ್ಬ ವ್ಯಕ್ತಿಯಿಂದ. ಸಂತ ವಿಲ್ಫ್ರಿಡ್ ಸುಮಾರು 634ರಲ್ಲಿ ನಾರ್ತಂಬ್ರಿಯ ರಾಜ್ಯದ ಶ್ರೀಮಂತ ಮನೆತನದಲ್ಲಿ ಹುಟ್ಟಿದ. ಮಲತಾಯಿಯೊಡನೆ ಹೊಂದಿಕೆಯಾಗದೆ ಹದಿನಾಲ್ಕರ ವಯಸ್ಸಿನಲ್ಲಿ ಮನೆ ಬಿಟ್ಟು, ರಾಣಿ ಎಆನ್‌ಫ್ಲೆಡ್‌ಳ ಆಶ್ರಯದಿಂದ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಸೇರಿ, ಅಲ್ಲಿಂದ ಮುಂದೆ ರೋಮಿನವರೆಗೆ ಹೋಗಿಬಂದ. ಈಸ್ಟರ್ ಹಬ್ಬದ ದಿನವನ್ನು ಐರಿಷ್ ಸನ್ಯಾಸಿಗಳ ಲೆಕ್ಕದಂತೆ ಗೊತ್ತುಮಾಡಬೇಕೋ ರೋಮಿನ ಲೆಕ್ಕದಂತೆ ಗೊತ್ತುಮಾಡಬೇಕೋ ಎಂದು ತೀರ್ಮಾನಿಸಲು 664ರಲ್ಲಿ ವಿಟ್‌ಬಿ ಎಂಬಲ್ಲಿ ಸಭೆ ಸೇರಿದಾಗ, ರೋಮಿನ ಪರವಾಗಿ ವಾದಿಸಿ ರಾಜ ಓಸ್ವಿಯುವನ್ನು ಒಪ್ಪಿಸಿದವನು ಇವನೇ. ಮುಂದೆ ಬಿಷಪನಾದ. ರಿಪ್ಪನ್ ಮತ್ತು ಹೆಕ್ಸಮ್‌ಗಳಲ್ಲಿ ಕಲ್ಲಿನ ಚರ್ಚುಗಳನ್ನು ಕಟ್ಟಿಸಿದ. ಮೇಲಿನ ಕಟ್ಟಡಗಳು ಕಾಲಾಂತರದಲ್ಲಿ ಬದಲಾದರೂ ಎರಡೂ ಊರುಗಳಲ್ಲಿ ಅವನು ಕಟ್ಟಿಸಿದ ನೆಲಮಾಳಿಗೆಗಳು ಹಾಗೆಯೇ ಉಳಿದಿವೆ, ಇಳಿದು ಹೋಗಿ ನೋಡಬಹುದು.

ಶಾಂತಿಯ ಶಬ್ದವನ್ನು ಹೆಸರಿನಲ್ಲಿ ಹೊತ್ತ ಈತನ ಬಾಳು ವಿವಾದಗಳಲ್ಲಿಯೇ ಕಳೆಯಿತು. 678ರಲ್ಲಿ ರಾಜ ಎಕ್ಗ್‌ಫ್ರಿತ್ ಇವನನ್ನು ರಾಜ್ಯದಿಂದ ಹೊರಹಾಕಿದ. ಗಮನಿಸಿ, ಹೊರಹಾಕಿದವನ ಹೆಸರಿನಲ್ಲಿಯೂ ಅದೇ ‘ಫ್ರಿತ್’ ಇದೆ. ವಿಲ್ಫ್ರಿಡ್ ರೋಮಿಗೆ ಹೋಗಿ ಪೋಪರ ಮುಂದೆ ದೂರು ಕೊಟ್ಟು, ತನ್ನ ಪರವಾದ ತೀರ್ಪನ್ನು ತಂದ. ರಾಜ ಅದನ್ನು ಒಪ್ಪದೆ ಸೆರೆಮನೆಗೆ ಹಾಕಿದ. ಬಿಡುಗಡೆಯಾದ ಮೇಲೆ ದಕ್ಷಿಣದ ಸಸೆಕ್ಸ್ ತೀರಕ್ಕೆ ಹೋಗಿ ನೆಲೆಸಿದ. ಕರಾವಳಿಯ ಓದುಗರು ಓದಲೇಬೇಕಾದ ಭಾಗ ಇಲ್ಲಿದೆ, ಮತ್ತು ಫಲಕದಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬಾರದೆಂದು ನಾನು ಹಟ ಹಿಡಿದೆ.

ಬೀಡ್ ಎಂಬ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಇಂಗ್ಲಿಷ್ ಜನರ ಧರ್ಮಸಭೆಯ ಇತಿಹಾಸದಲ್ಲಿ ಈ ಪ್ರಸಂಗವನ್ನು ಹೇಳಿದ್ದಾನೆ. ಸಸೆಕ್ಸಿನಲ್ಲಿ ಮೂರು ವರ್ಷ ಮಳೆ ಬಾರದೆ ಜನರು ಹಸಿವಿನಿಂದ ನರಳುತ್ತಿದ್ದರು. ಎದುರಿಗೆ ಕಡಲಿತ್ತು, ಹೊಳೆಗಳಿದ್ದವು, ಅವುಗಳಲ್ಲಿ ಬೇಕಾದಷ್ಟು ಮೀನಿತ್ತು, ಆದರೆ ಅಲ್ಲಿಯ ಜನರಿಗೆ ಹಾವುಮೀನನ್ನು ಹಿಡಿಯುವುದು ಬಿಟ್ಟರೆ ಬೇರೆ ಮೀನುಗಾರಿಕೆ ತಿಳಿದಿರಲಿಲ್ಲ. ವಿಲ್ಫ್ರಿಡ್‌ನ ಜನರು ಊರೆಲ್ಲ ತಿರುಗಿ ಹಾವುಮೀನಿನ ಬಲೆಗಳನ್ನು ಒಟ್ಟುಗೂಡಿಸಿ, ಕಡಲಿಗೆ ಬೀಸಿದರು. ಬಗೆಬಗೆಯ ಮುನ್ನೂರು ಮೀನುಗಳು ಸಿಕ್ಕಿದವು. ಅವುಗಳನ್ನು ಮೂರು ಪಾಲು ಮಾಡಿ, ನೂರನ್ನು ಬಡವರಿಗೆ ಕೊಟ್ಟು, ನೂರನ್ನು ಬಲೆ ಕೊಟ್ಟವರಿಗೆ ಕೊಟ್ಟು, ಉಳಿದ ನೂರನ್ನು ತಾವು ಇಟ್ಟುಕೊಂಡರು. ಮಲ್ಪೆಯ ದಡದಲ್ಲಿ ಕೈರಂಪಣಿ ಎಳೆದವರಿಗೆಲ್ಲ ಮೀನಿನ ಪಾಲು ಸಿಗುವಂತೆಯೇ ಈ ಹಂಚಿಕೆಯೂ ನಡೆದಿತ್ತು. ಅದೇ ಸಸೆಕ್ಸಿನಲ್ಲಿ ರಾಜನು ಸೆಲ್ಸಿ ಎಂಬಲ್ಲಿ ಭೂಮಿಯನ್ನು ದಾನ ಕೊಟ್ಟಾಗ, ಭೂಮಿಯ ಜೊತೆಗೆ ಬಂದ 250 ಮಂದಿ ಗುಲಾಮ ಗಂಡಸರು ಹೆಂಗಸರಿಗೆ ದೀಕ್ಷೆ ಕೊಟ್ಟು, ಎಲ್ಲರನ್ನೂ ವಿಲ್ಫ್ರಿಡ್ ಬಿಡುಗಡೆ ಮಾಡಿದನೆಂದೂ ಬೀಡ್ ಬರೆದಿದ್ದಾನೆ. ಈ ಎರಡು ಸಂಗತಿಗಳ ಮುಂದೆ ಸಿಂಹದ ಗುರಾಣಿಗೆ ಯಾವ ಬೆಲೆಯಿದೆ?

ಹೆಸರಿನ ಮುಂದಿನ ಪಯಣವನ್ನು ಸಂಕ್ಷೇಪವಾಗಿ ಹೇಳಬಹುದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ವಿಲಿಯಂ, ರಾಬರ್ಟ್, ರಿಚರ್ಡ್‌ಗಳ ಅಲೆ ಬಂದು ಹಳೆಯ ಇಂಗ್ಲಿಷ್ ಹೆಸರುಗಳಲ್ಲಿ ಬಹುಪಾಲು ಬಳಕೆ ತಪ್ಪಿದವು. ಎಡ್ವರ್ಡ್‌ನಂತಹ ಕೆಲವು ಮಾತ್ರ ರಾಜಮನೆತನದ ಆಸರೆಯಿಂದ ಉಳಿದವು. ವಿಲ್ಫ್ರೆಡ್‌ಗೆ ಆ ಆಸರೆ ಸಿಗಲಿಲ್ಲ. ಅದು ಮರಳಿ ಎಲ್ಲೆಡೆ ಹರಡಿದ್ದು 19ನೇ ಶತಮಾನದಲ್ಲಿ. 1819ರ ಕೊನೆಯಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟ್‌ರ ‘ಐವನ್‌ಹೋ’ ಕಾದಂಬರಿಯ ನಾಯಕನ ಹೆಸರು ವಿಲ್ಫ್ರೆಡ್. ಅದರ ಬೆನ್ನಿಗೇ ಇಂಗ್ಲೆಂಡಿನ ಧಾರ್ಮಿಕ ವಲಯಗಳಲ್ಲಿ ಪ್ರಾಚೀನ ಸಂತರ ಕುರಿತ ಆಸ್ಥೆಯೂ ಬೆಳೆಯಿತು. ಆ ತಲೆಮಾರುಗಳ ಫಲವಾಗಿ ಕವಿ ವಿಲ್ಫ್ರೆಡ್ ಓವನ್ (1893–1918) ಇದ್ದಾರೆ. ಮೊದಲ ಮಹಾಯುದ್ಧದ ಕ್ರೌರ್ಯವನ್ನು ಕಂಡಂತೆ ಬರೆದ ಅವರು ಕದನವಿರಾಮಕ್ಕೆ ಒಂದು ವಾರವಷ್ಟೇ ಉಳಿದಿದ್ದಾಗ ರಣರಂಗದಲ್ಲಿ ಮಡಿದರು. 1896ರಿಂದ 1911ರವರೆಗೆ ಕೆನಡಾದ ಪ್ರಧಾನಿಯಾಗಿದ್ದ ಸರ್ ವಿಲ್ಫ್ರಿಡ್ ಲಾರಿಯರ್ ಇದ್ದಾರೆ. ಸಂತನ ಕಾರ್ಯಕ್ಷೇತ್ರವೇ ಆಗಿದ್ದ ಯಾರ್ಕ್‌ಷೈರಿನಲ್ಲಿ ವಿಲ್ಫ್ರೆಡ್ ರೋಡ್ಸ್ ಇದ್ದಾರೆ. ಪ್ರಥಮ ದರ್ಜೆ ಕ್ರಿಕೆಟಿನಲ್ಲಿ 4,204 ವಿಕೆಟುಗಳನ್ನು ಪಡೆದ ಅವರ ದಾಖಲೆಯನ್ನು ಯಾರೂ ಮುರಿದಿಲ್ಲ. ಐವತ್ತೆರಡರ ವಯಸ್ಸಿನಲ್ಲಿ, 1930ರಲ್ಲಿ, ಕೊನೆಯ ಟೆಸ್ಟ್ ಆಡಿದ ಈ ಎಡಗೈ ಸ್ಪಿನ್ನರನ ಹೆಸರು ನಮ್ಮ ಮಾಸ್ಟ್ರಿಗೆ ಅಚ್ಚುಮೆಚ್ಚು, ಆದ್ದರಿಂದ ಅದಕ್ಕೆ ಫಲಕದಲ್ಲಿ ಪೂರ್ತಿ ಒಂದು ಸಾಲನ್ನು ಮೀಸಲಿಟ್ಟೆವು.

ಮಂಗಳೂರಿನ ಕೆಥೋಲಿಕ್ ಮನೆಗಳಲ್ಲಿ ಹಿಂದೆ ಕೇಳುತ್ತಿದ್ದದ್ದು ಪೋರ್ಚುಗೀಸರಿಂದ ಬಂದು ಕೊಂಕಣಿಯಲ್ಲಿ ಪಳಗಿದ ಪೆದ್ರು, ಜುವಾಂವ್, ಬಸ್ತ್ಯಾಂವ್‌ನಂತಹ ಹೆಸರುಗಳು. 1799ರ ಬಳಿಕ ಊರು ಬ್ರಿಟಿಷರ ಆಳ್ವಿಕೆಗೆ ಸೇರಿ, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಗಿ, ಇಂಗ್ಲಿಷ್ ವಿದ್ಯಾಭ್ಯಾಸ ಹರಡುತ್ತ ಹೋದಂತೆ ಎಡ್ವಿನ್, ಓಸ್ವಾಲ್ಡ್, ಹಿಲ್ಡಾ, ವಿಲ್ಫ್ರೆಡ್‌ಗಳು ಇಲ್ಲಿಯ ಮನೆಗಳಿಗೂ ಬಂದವು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿಯಿಂದಾಗಿ ಒಮ್ಮೆ ಒಳಬಂದ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿತು. ‘ಕೊಂಕಣ್ ಕೊಗುಳ್’ ಎಂದು ಹೆಸರಾದ ಗಾಯಕ ವಿಲ್ಫಿ ರೆಬಿಂಬಸ್ (1942–2010) ಅವರಿಂದಾಗಿ ಅದರ ಕಿರಿದಾದ ರೂಪವೂ ಕೊಂಕಣಿ ಬಲ್ಲವರ ಮನೆಮಾತಾಯಿತು. ಫಲಕಕ್ಕೆ ಈ ಊರಿನ ಸಾಲು ಇಲ್ಲದಿದ್ದರೆ ಅದನ್ನು ಮಂಗಳೂರಿನಲ್ಲಿ ಮಾಡಿಸುವುದರಲ್ಲಿ ಅರ್ಥವಿಲ್ಲ.

ಇಷ್ಟನ್ನೂ ಅಂಗಡಿಯ ಮೇಜಿನ ಮುಂದೆ ಕುಳಿತು ಹೇಳಿದಾಗ, ವಿನ್ಯಾಸ ನೋಡಿಕೊಳ್ಳುವ ಹುಡುಗಿ ಒಂದಿಷ್ಟೂ ಬೇಸರಪಡದೆ ಕೇಳಿ, “ನೀವು ಬರೆದು ಕೊಡಿ ಸರ್, ನಾವು ಹಾಗೆಯೇ ಹಾಕ್ತೇವೆ. ನಮಗೆ ಸಿಗುವುದು ಕಂಪ್ಯೂಟರಿನಲ್ಲಿ ಬಂದದ್ದು ಮಾತ್ರ” ಎಂದರು. ಮಾತಿಗೆ ತಪ್ಪಲಿಲ್ಲ. ಗುರಾಣಿ ಹೋಯಿತು, ರತ್ನ ಹೋಯಿತು, ಆ ಜಾಗದಲ್ಲಿ ಮೀನು ತುಂಬಿದ ಬಲೆಯ ಸಣ್ಣ ರೇಖಾಚಿತ್ರ ಬಂತು. ಗೋಥಿಕ್ ಅಕ್ಷರಗಳ ಬದಲು ದುಂಡಗಿನ ಅಕ್ಷರಗಳು ಬಂದವು. ಒಂದು ತೊಡಕು ಮಾತ್ರ ಕೊನೆಯವರೆಗೂ ಕಾಡಿತು. ‘ಫ್ರಿತ್’ ಎಂಬುದನ್ನು ಹಳೆಯ ಇಂಗ್ಲಿಷಿನ ರೀತಿಯಲ್ಲಿ ಬರೆಯುವಾಗ ಕೊನೆಗೆ ಬರುವ, ಡಿ ಅಕ್ಷರದ ಮೇಲುಗೆರೆಯನ್ನು ಬಾಗಿಸಿ ಅಡ್ಡಕ್ಕೊಂದು ಗೀಟು ಹಾಕಿದಂತಿರುವ ‘ಎಥ್’ ಎಂಬ ಅಕ್ಷರ ಅವರ ಫಾಂಟಿನಲ್ಲಿರಲಿಲ್ಲ. ಮೊದಲ ಮುದ್ರಣದಲ್ಲಿ ಆ ಜಾಗದಲ್ಲಿ ಖಾಲಿ ಚೌಕ ಬಿತ್ತು. ಅಕ್ಷರ ಬರೆಯುವವರು ಅದನ್ನು ಕೈಯಿಂದಲೇ ಬರೆದು ಸೇರಿಸಿದರು, ಮರುಮುದ್ರಣಕ್ಕೆ ಹೆಚ್ಚಿನ ಹಣವನ್ನು ಕೇಳಲಿಲ್ಲ. ಹೇಳಿದ ದಿನಕ್ಕಿಂತ ತಡವಾಯಿತು, ಆದರೆ ಸಮಾರಂಭಕ್ಕೆ ಮುಂಚೆ ಕೈಸೇರಿತು.

ಬೆಲೆಯ ಬಗ್ಗೆ ಹೇಳುವುದಾದರೆ, ಗೋಡೆಯ ಕ್ಯಾಲೆಂಡರಿನ ಅಳತೆಯ ಫಲಕಕ್ಕೆ ಸಾಗುವಾನಿಯ ಕಟ್ಟು, ಗಾಜು ಎಲ್ಲ ಸೇರಿ ಮೂರು ಸಾವಿರಕ್ಕಿಂತ ತುಸು ಕಡಿಮೆಯಾಯಿತು. ಕೈಕೆಲಸವನ್ನು ನೋಡಿದರೆ ಇದು ಹೆಚ್ಚಲ್ಲ. ಬರಹವನ್ನು ಮಾತ್ರ ನೋಡಿದರೆ, ಅಂಗಡಿಯವರು ತಾವಾಗಿ ಕೊಡುವ ಪಠ್ಯಕ್ಕೆ ನಾನು ಹಣ ಕೊಡಲಾರೆ. ಹೊರಡುವ ಮುನ್ನ ಅವರ ಬೇರೆ ಮಾದರಿಗಳನ್ನೂ ಓದಿ ನೋಡಿದೆ. ಎಡ್ವರ್ಡ್‌ಗೆ ‘ಸಂಪತ್ತಿನ ಕಾವಲುಗಾರ’ ಎಂದು ಬರೆದದ್ದು ಶಬ್ದಗಳ ಮಟ್ಟಿಗೆ ಸರಿಯಾಗಿದೆ. ಹಿಲ್ಡಾಗೆ ‘ಯುದ್ಧ’ ಎಂಬ ಅರ್ಥವನ್ನು ಕೊಟ್ಟದ್ದೂ ಸರಿ, ಆದರೆ ವಿಟ್‌ಬಿಯ ಮಠವನ್ನು ಕಟ್ಟಿ ನಡೆಸಿದ, 664ರ ಆ ಸಭೆಗೆ ಸ್ಥಳ ಕೊಟ್ಟು ವಿಲ್ಫ್ರಿಡ್‌ನ ಎದುರು ಪಕ್ಷದಲ್ಲಿ ನಿಂತ, 680ರಲ್ಲಿ ತೀರಿಕೊಂಡ ಸಂತ ಹಿಲ್ಡಾಳ ಒಂದಕ್ಷರವೂ ಅಲ್ಲಿಲ್ಲ. ತಮ್ಮ ಅಜ್ಜಿಗೋ ಅಮ್ಮನಿಗೋ ಆ ಹೆಸರಿನ ಫಲಕ ಮಾಡಿಸುವವರು ಈ ಎರಡು ಸಾಲನ್ನು ಸೇರಿಸಲು ಹೇಳಬೇಕು.

ಆರ್ಡರ್ ಕೊಡುವಾಗ ಪಠ್ಯವನ್ನು ನೀವೇ ಬರೆದುಕೊಂಡು ಹೋಗಿ, ಮುದ್ರಣಕ್ಕೆ ಮುಂಚೆ ಕರಡನ್ನು ವಾಟ್ಸ್ಆ್ಯಪಿನಲ್ಲಿ ತರಿಸದೆ ಕಾಗದದ ಮೇಲೆಯೇ ತೆಗೆಸಿ ಓದಿ, ಸಹಿ ಹಾಕಿದ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಇಸವಿಗಳನ್ನು ಎರಡೆರಡು ಸಲ ನೋಡಿ. ಹಿಂಬದಿಗೆ ಪ್ಲೈವುಡ್ ಕೇಳಿ, ಮತ್ತು ಮಳೆಗಾಲದಲ್ಲಿ ಕೊಳ್ಳುವುದಾದರೆ ಹೊರಗೋಡೆಯ ಒಳಮೈಗೆ ತೂಗುಹಾಕದೆ ನಡುಗೋಡೆಗೆ ತೂಗುಹಾಕಿ.